ಮೇಲಧಿಕಾರಿಗಳನ್ನು ಪಾದಚಾರಿ ಮಾರ್ಗದಲ್ಲಿ ಹಿಂದಿಕ್ಕುವ ಕುರಿತು

ಸುತ್ತೋಲೆ ಸಂಖ್ಯೆ: ಆಡಳಿತ/ಸಿಬ್ಬಂದಿ/ನಡಿಗೆ/02
(ಇದೇ ವಿಷಯದ ಸಂಖ್ಯೆ 01ನ್ನು ರದ್ದುಪಡಿಸಿ)

ವಿಷಯ: ಕಚೇರಿಗೆ ನಡೆದು ಬರುವಾಗ ಮೇಲಧಿಕಾರಿಗಳನ್ನು ಹಿಂದಿಕ್ಕುವುದು, ಹಿಂದಿಕ್ಕದಿರುವುದು ಮತ್ತು ಹಿಂದಿಕ್ಕಿದ ಮೇಲೆ ತಿರುಗಿ ನೋಡುವುದರ ಬಗ್ಗೆ.

ಉಲ್ಲೇಖ:
1) ಇಲಾಖೆಯ ಮಿತವ್ಯಯ ಆದೇಶ.
2) ನಗರ ಬಸ್ಸಿನ ಪರಿಷ್ಕೃತ ದರಪಟ್ಟಿ (ನಿಲ್ದಾಣದ ಕಂಬಕ್ಕೆ ಅಂಟಿಸಿದ್ದು, ಅರ್ಧ ಹರಿದಿದೆ).
3) ಟಪಾಲು ವಿಭಾಗದ ಗುಮಾಸ್ತೆಗೆ ನೀಡಿದ ಕಾರಣ ಕೇಳುವ ನೋಟಿಸು.
4) ಸದರಿಯವರ ಉತ್ತರ (ಒಂದು ಸಾಲು).
5) ಅಂತರ ಇಲಾಖಾ ಕ್ರೀಡಾಕೂಟದ ತೀರ್ಪುಗಾರರ ವರದಿ.

ಪ್ರಸ್ತಾವನೆ

ನಡೆದು ಬರುವ ಸಿಬ್ಬಂದಿಯ ವೇಗದ ಕುರಿತು ಈ ಕಚೇರಿಯಿಂದ ಹಿಂದೊಂದು ಸುತ್ತೋಲೆ ಹೊರಟಿತ್ತು. ಅದು ಏಳು ವಾರ ಬದುಕಿತ್ತು. ಈಗ ಅದನ್ನು ಹಿಂಪಡೆಯಲಾಗುತ್ತಿದೆ. ಹಿಂಪಡೆಯುವಾಗ ಕಾರಣಗಳನ್ನು ದಾಖಲಿಸತಕ್ಕದ್ದೆಂಬ ನಿಯಮವಿರುವುದರಿಂದ ನಡೆದದ್ದನ್ನು ನಡೆದಂತೆಯೇ ಕೆಳಗೆ ಬರೆಯಲಾಗಿದೆ. ತಪ್ಪುಗಳಿದ್ದಲ್ಲಿ ಮೊದಲ ಮಹಡಿಯಲ್ಲಿ, ಊಟದ ವೇಳೆ ಬಿಟ್ಟು, ತಿಳಿಸಬಹುದು.

1. ಟಪಾಲು ವಿಭಾಗದ ಗುಮಾಸ್ತೆಯವರನ್ನು ಈ ಸುತ್ತೋಲೆಯಲ್ಲಿ 'ಟಪಾಲಕ್ಕ' ಎಂದು ಕರೆಯಲಾಗುವುದು. ಹಾಜರಿ ಪುಸ್ತಕವೊಂದನ್ನು ಬಿಟ್ಟು ಉಳಿದೆಲ್ಲ ಕಡೆ ಇಪ್ಪತ್ತಮೂರು ವರ್ಷಗಳಿಂದ ಹಾಗೆಯೇ ಕರೆಯಲಾಗುತ್ತಿದೆ. ಒಳಬರುವ ಕಾಗದಕ್ಕೆ ಮೊಹರು ಒತ್ತುವುದು, ಹೊರಹೋಗುವ ಕಾಗದಕ್ಕೆ ಅಂಟು ಹಚ್ಚುವುದು, ಇವೆರಡರ ನಡುವೆ ಕಳೆದುಹೋದ ಕಾಗದವನ್ನು ಯಾರ ಮೇಜಿನ ಕೆಳಗಿನಿಂದಲಾದರೂ ಎಳೆದು ತರುವುದು ಅವರ ಕೆಲಸ. ಪ್ರಥಮ ದರ್ಜೆಗೆ ಅವರ ಬಡ್ತಿಯ ಕಡತ ಒಂಬತ್ತು ವರ್ಷಗಳಿಂದ ಚಲನೆಯಲ್ಲಿತ್ತು. ಅಷ್ಟು ಕಾಲ ಚಲಿಸಿಯೂ ಎಲ್ಲಿಗೂ ತಲುಪದ ವಸ್ತು ಈ ಕಟ್ಟಡದಲ್ಲಿ ಅದೊಂದೇ ಅಲ್ಲವಾದ್ದರಿಂದ ಅವರು ದೂರು ನೀಡಿರಲಿಲ್ಲ.

2. ಅವರು ಎರಡು ಬಸ್ಸು ಬದಲಿಸಿ ಕಚೇರಿಗೆ ಬರುತ್ತಿದ್ದರು. ಒಂದೇ ವರ್ಷದಲ್ಲಿ ಬಸ್ಸಿನ ದರ ಎರಡನೇ ಸಲ ಏರಿತು. ಏರಿದ ದಿನ ಸಂಜೆ ಅವರ ಯಜಮಾನರು, ಮಾರುಕಟ್ಟೆಯ ಮೂಲೆಯಲ್ಲಿ ಗಡಿಯಾರ ರಿಪೇರಿ ಮಾಡುವವರು, ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿಯನ್ನೂ ತೆಗೆಯದೆ ಹೀಗೆಂದರೆಂದು ತಿಳಿದುಬಂದಿದೆ:

"ಬಸ್ಸಲ್ಲಿ ಹೋದ್ರೆ ಕಾಯೋದೂ ಸೇರಿ ನಲವತ್ತು ನಿಮಿಷ. ನಡೆದ್ರೆ ನಲವತ್ತೈದು. ಐದು ನಿಮಿಷಕ್ಕೆ ಅಷ್ಟು ದುಡ್ಡಾ? ನಾನು ಒಂದು ಗಡಿಯಾರ ಪೂರ್ತಿ ಬಿಚ್ಚಿ ಜೋಡಿಸಿದ್ರೂ ಯಾರೂ ಅಷ್ಟು ಕೊಡಲ್ಲ."

"ನಡೆಯೋದು ಯಾರು, ನೀವಾ?"

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ನಾನು ಚಾಚೋದು ಬೇಡ, ಎತ್ತಿ ಹಾಕು ಅಂತಿದೀನಿ."

ಟಪಾಲಕ್ಕ ಮಾರನೆಯ ದಿನದಿಂದ ನಡೆದರು. ಮೊದಲ ವಾರ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತು. ಎರಡನೇ ವಾರ ಮೊಣಕಾಲು ಮಾತಾಡಿತು. ಆ ದಿನಗಳಲ್ಲಿ ಗಡಿಯಾರದವರಿಗೆ ಎರಡು ಹೊತ್ತೂ ಒಂದೇ ಬಗೆಯ ಸಾರು ಬಡಿಸಲಾಯಿತು. ಮೂರನೇ ವಾರ ಒಂದು ಬೆಳಗ್ಗೆ ಸೇತುವೆಯ ಏರು ಹತ್ತುವಾಗ ಟಪಾಲಕ್ಕನಿಗೆ ತಾನು ಏದುಸಿರು ಬಿಡುತ್ತಿಲ್ಲ ಎಂಬುದು ಗಮನಕ್ಕೆ ಬಂತು. ಎದೆಯೊಳಗೆ ಯಾರೋ ಮುಚ್ಚಿದ್ದ ಕಿಟಕಿ ತೆರೆದ ಹಾಗಿತ್ತು ಎಂದು ಅವರು ನಂತರ ಹೇಳಿದ್ದಾರೆ. (ಈ ವಾಕ್ಯವನ್ನು ಕರಡಿನಲ್ಲಿ ಹೊಡೆದುಹಾಕಲಾಗಿತ್ತು. ಬೆರಳಚ್ಚಿನಲ್ಲಿ ಹೇಗೋ ಉಳಿದುಕೊಂಡಿದೆ.) ತಿಂಗಳು ತುಂಬುವ ಹೊತ್ತಿಗೆ ನಲವತ್ತೈದು ನಿಮಿಷ ಮೂವತ್ತನಾಲ್ಕಕ್ಕೆ ಇಳಿದಿತ್ತು.

3. ಇದೇ ಅವಧಿಯಲ್ಲಿ ಅವರ ಅಕ್ಕನ ಮಗಳು ಅವರ ಫೋನಿಗೆ ಹೆಜ್ಜೆ ಎಣಿಸುವ ಆ್ಯಪ್ ಒಂದನ್ನು ಹಾಕಿಕೊಟ್ಟಳು.

"ಚಿಕ್ಕಮ್ಮ, ನೀನು ದಿನಕ್ಕೆ ಎಷ್ಟು ಹೆಜ್ಜೆ ಇಟ್ಟೆ ಅಂತ ಇದು ಎಣಿಸುತ್ತೆ."

"ಎಣಿಸಿ ಏನು ಮಾಡುತ್ತೆ?"

"ಏನೂ ಮಾಡಲ್ಲ. ಎಣಿಸುತ್ತೆ ಅಷ್ಟೇ."

"ನಮ್ಮ ಅಂಕಿಅಂಶ ವಿಭಾಗದ ಹಾಗೆ ಅನ್ನು."

ಆ ಹುಡುಗಿ ಫೋನಿನಲ್ಲಿ ನೂರಾರು ಹಾಡುಗಳನ್ನೂ ತುಂಬಿಸಿ, ಒಂದು ಕಿವಿ ಮಾತ್ರ ಕೆಲಸ ಮಾಡುವ ತನ್ನ ಹಳೆಯ ಇಯರ್‌ಫೋನನ್ನೂ ಕೊಟ್ಟಳು. ಅಲ್ಲಿಂದ ಟಪಾಲಕ್ಕನ ಕಾಲು ಟಪಾಲಕ್ಕನ ಮಾತು ಕೇಳುವುದನ್ನು ಬಿಟ್ಟಿತು. ಲಾಲಿಹಾಡು ಬಂದರೆ ಅಂಗಡಿ ಅಂಗಡಿಯನ್ನೂ ನೋಡುತ್ತ ತೇಲುತ್ತಿದ್ದರು. ತಮಟೆ ಬಡಿತದ ಹಾಡು ಬಂದರೆ ಮುಂದಿದ್ದವರು ಅಕ್ಕಪಕ್ಕಕ್ಕೆ ಸರಿಯಬೇಕಿತ್ತು. ಯಾವಾಗ ಯಾವ ಹಾಡು ಬರುತ್ತದೆಂಬುದು ಫೋನಿಗೆ ಬಿಟ್ಟ ವಿಷಯವಾಗಿತ್ತು. ಮುಂದೆ ನಡೆದ ಎಲ್ಲದಕ್ಕೂ ಮೂಲ ಇದೇ ಎಂದು ಅಭಿಪ್ರಾಯಪಡಲಾಗಿದೆ.

4. ಇನ್ನು ಉಪನಿರ್ದೇಶಕರ ವಿಚಾರ. ಮಿತವ್ಯಯ ಆದೇಶದ ಮೂಲಕ ಅಧಿಕಾರಿಗಳ ಇಂಧನ ಭತ್ಯೆಯನ್ನು ಕಡಿತಗೊಳಿಸಲಾಯಿತು. ಕಡಿತದ ಕಾಗದಕ್ಕೆ ಸಹಿ ಹಾಕಿದವರು ಅವರೇ. ಮರುವಾರದಿಂದ ಅವರೂ ನಡೆದು ಬರತೊಡಗಿದರು. ಕೇಳಿದವರಿಗೆಲ್ಲ "ಡಾಕ್ಟರ ಸಲಹೆ" ಎಂದರು. ಕೇಳದವರಿಗೂ ಹೇಳಿದರು. ಅವರದು ತಪಾಸಣೆಯ ನಡಿಗೆ. ಎರಡೂ ಕೈ ಬೆನ್ನ ಹಿಂದೆ, ಗಲ್ಲ ಮೇಲೆ, ಹತ್ತು ಹೆಜ್ಜೆಗೊಮ್ಮೆ ನಿಂತು ಚರಂಡಿಯ ಮುಚ್ಚಳವನ್ನೋ ವಿದ್ಯುತ್ ಕಂಬವನ್ನೋ ಅದು ತಮ್ಮದೇ ಇಲಾಖೆಗೆ ಸೇರಿದ್ದೆಂಬಂತೆ ದಿಟ್ಟಿಸುವುದು.

5. ಒಂದು ಗುರುವಾರ ಬೆಳಗ್ಗೆ ಒಂಬತ್ತು ಮೂವತ್ತೆಂಟಕ್ಕೆ, ಔಷಧಿ ಅಂಗಡಿಗೂ ಕೀಲಿ ಮಾಡುವವನ ಗೂಡಂಗಡಿಗೂ ನಡುವೆ, ಟಪಾಲಕ್ಕ ಉಪನಿರ್ದೇಶಕರನ್ನು ಎಡಬದಿಯಿಂದ ದಾಟಿದರು. ನಮಸ್ಕಾರ ಹೇಳಿದರೆಂದು ಟಪಾಲಕ್ಕ ಹೇಳುತ್ತಾರೆ. ಗಾಳಿಯಷ್ಟೇ ಬಂತೆಂದು ಉಪನಿರ್ದೇಶಕರು ಹೇಳುತ್ತಾರೆ. ಕಚೇರಿಯ ಹೆಬ್ಬೆಟ್ಟಿನ ಹಾಜರಿ ಯಂತ್ರವು ಒಂಬತ್ತು ನಲವತ್ತೈದರ ನಂತರ ಬಂದವರನ್ನು ಕೆಂಪು ಅಕ್ಷರದಲ್ಲಿ ತೋರಿಸುತ್ತದೆ. ಟಪಾಲಕ್ಕ ಒಂಬತ್ತು ನಲವತ್ತಮೂರಕ್ಕೆ ಹಸಿರಾದರು. ಉಪನಿರ್ದೇಶಕರು ಒಂಬತ್ತು ನಲವತ್ತಾರಕ್ಕೆ ಕೆಂಪಾದರು. ಯಂತ್ರದಲ್ಲೂ, ಮುಖದಲ್ಲೂ.

ಗೇಟಿನ ಕಾವಲುಗಾರನನ್ನು ವಿಚಾರಿಸಲಾಗಿ ಅವನು ಹೇಳಿದ್ದು: "ಅಕ್ಕ ಬಂದು ನೀರು ಕುಡಿದು, ಮುಖ ತೊಳೆದು, ನನ್ನ ಹತ್ರ ಬಸ್ಸಿನ ದರದ ಬಗ್ಗೆ ಮಾತಾಡಿ ಮುಗಿಸಿದ ಮೇಲೆ ಸಾಹೇಬರು ಮೂಲೆಯಲ್ಲಿ ಕಾಣಿಸಿದ್ರು."

ಈ ಹೇಳಿಕೆ ಯಾರಿಗೂ ಉಪಕಾರ ಮಾಡಲಿಲ್ಲ.

6. ಅಂದೇ ಮಧ್ಯಾಹ್ನ ನೋಟಿಸು ಹೊರಟಿತು. 'ತಾವು ತಮ್ಮ ಮೇಲಧಿಕಾರಿಗಳನ್ನು ಅವರ ಎಡಬದಿಯಿಂದ, ಮುನ್ಸೂಚನೆ ನೀಡದೆ, ಅಂದಾಜು ಹನ್ನೊಂದು ಹೆಜ್ಜೆಗಳಷ್ಟು ಹಿಂದಿಕ್ಕಿದ್ದು ಗಮನಕ್ಕೆ ಬಂದಿರುತ್ತದೆ. ತಮ್ಮ ಮೇಲೇಕೆ ಕ್ರಮ ಜರುಗಿಸಬಾರದೆಂಬುದಕ್ಕೆ ಮೂರು ದಿನಗಳೊಳಗೆ ಸಮಜಾಯಿಷಿ ನೀಡತಕ್ಕದ್ದು.' ಹೊರಹೋಗುವ ಎಲ್ಲ ಕಾಗದಗಳಂತೆ ಇದೂ ಟಪಾಲಕ್ಕನ ಮೇಜಿಗೇ ಬಂತು. ಅವರೇ ನೋಂದಣಿ ಸಂಖ್ಯೆ ಹಾಕಿ, ಅವರೇ ಲಕೋಟೆಗೆ ಅಂಟು ಹಚ್ಚಿ, ತಮ್ಮ ಹೆಸರಿಗೆ ತಾವೇ ಕಳಿಸಿ, ತಾವೇ ಸಹಿ ಮಾಡಿ ಪಡೆದುಕೊಂಡರು. ಓದಿದ್ದು ಆಮೇಲೆ. ನಿಯಮ ಹಾಗಿದೆ.

ಓದಿದ ಮೇಲೆ ಅದಕ್ಕೂ ಒಳಬಂದ ಕಾಗದದ ಮೊಹರು ಒತ್ತಿದರು. ಅಧೀಕ್ಷಕರು ಅವರ ಮೇಜಿನ ಹತ್ತಿರ ಬಂದು ದನಿ ತಗ್ಗಿಸಿದರು.

"ಅಕ್ಕಾ, ನಿಮ್ಮ ಬಡ್ತಿ ಕಡತ ಈಗ ಅವರ ಮೇಜಿನ ಮೇಲಿದೆ. ಒಂಬತ್ತು ವರ್ಷದಲ್ಲಿ ಇಷ್ಟು ಹತ್ತಿರ ಬಂದಿರಲಿಲ್ಲ. ಏನಾದ್ರೂ ಬರೆದು ಕ್ಷಮೆ ಕೇಳಿಬಿಡಿ."

"ಏನಂತ ಬರೀಲಿ? ಎರಡು ಕಾಲಿದೆ, ಕ್ಷಮಿಸಿ ಅಂತಲಾ?"

"ಅವರು ಕಾಲು ಕೆರೆದು ಜಗಳಕ್ಕೆ ಬಂದಿದಾರೆ. ನೀವು ಕಾಲು ಹಿಂದೆ ತಗೊಳ್ಳಿ, ಅಷ್ಟೇ."

ಎರಡು ದಿನ ಅವರು ಏನೂ ಬರೆಯಲಿಲ್ಲ. ಮೂರನೆಯ ದಿನ ಬರೆದದ್ದು ಒಂದೇ ಸಾಲು: 'ನಾನು ದಾಟಲಿಲ್ಲ ಸರ್, ಹಾಡು ದಾಟಿಸಿತು.'

7. ಈ ಉತ್ತರವನ್ನು ತೃಪ್ತಿಕರವೆಂದು ಒಪ್ಪಲೂ ಆಗದೆ, ಅತೃಪ್ತಿಕರವೆಂದು ತಳ್ಳಲೂ ಆಗದೆ, ಕ್ರಮವನ್ನು ಕೈಬಿಟ್ಟು ಸುತ್ತೋಲೆ 01ನ್ನು ಹೊರಡಿಸಲಾಯಿತು. ಅದರ ಮುಖ್ಯಾಂಶಗಳು: ಕಣ್ಣಳತೆಯಲ್ಲಿ ಮೇಲಧಿಕಾರಿಗಳಿದ್ದಲ್ಲಿ ನಾಲ್ಕು ಹೆಜ್ಜೆ ಹಿಂದಿರತಕ್ಕದ್ದು. ಅವರು ನಿಂತಲ್ಲಿ ನಿಲ್ಲತಕ್ಕದ್ದು, ನಿಂತ ಅವಧಿಯಲ್ಲಿ ಹತ್ತಿರದ ಅಂಗಡಿಯ ಫಲಕವನ್ನು ಓದತಕ್ಕದ್ದು. ಹಾಡು ಕೇಳುವವರು ಮೇಲಧಿಕಾರಿಗಳ ನಡಿಗೆಗಿಂತ ನಿಧಾನವಾದ ಹಾಡನ್ನೇ ಕೇಳತಕ್ಕದ್ದು. ಯಾವುದೇ ಇಲಾಖೆಯ, ಯಾವುದೇ ಸ್ಥಳದ ಮೇಲಧಿಕಾರಿಗಳಿಗೂ ಇದು ಅನ್ವಯಿಸತಕ್ಕದ್ದು. ಲಿಖಿತ ಅನುಮತಿ ಇಲ್ಲದೆ ಯಾರೂ ಅವರನ್ನು ದಾಟತಕ್ಕದ್ದಲ್ಲ.

8. ಪರಿಣಾಮಗಳು ಎರಡೇ ದಿನದಲ್ಲಿ ಕಂಡವು. ಬಸ್ಸಿನ ದರದ ದೆಸೆಯಿಂದ ಆ ಹೊತ್ತಿಗೆ ಸಿಬ್ಬಂದಿಯಲ್ಲಿ ಹದಿನಾಲ್ಕು ಮಂದಿ ನಡೆದು ಬರುತ್ತಿದ್ದರು. ಹದಿನಾಲ್ಕೂ ಮಂದಿ ಉಪನಿರ್ದೇಶಕರ ಹಿಂದೆ, ನಾಲ್ಕು ಹೆಜ್ಜೆ ಬಿಟ್ಟು, ಇಬ್ಬಿಬ್ಬರಂತೆ ಸಾಲುಗಟ್ಟಿದರು. ಅವರು ಚರಂಡಿಯ ಮುಚ್ಚಳ ನೋಡಲು ನಿಂತರೆ ಇವರೆಲ್ಲ ಕೀಲಿ ಅಂಗಡಿಯ ಫಲಕ ಓದುತ್ತ ನಿಂತರು. ಕೀಲಿ ಮಾಡುವವನು ಗಾಬರಿಯಾಗಿ ಪರವಾನಗಿಯ ಕಾಗದ ತೆಗೆದು ತೋರಿಸಿದನು. ಮೂರನೆಯ ದಿನ ವೃತ್ತದಲ್ಲಿ ಸಂಚಾರ ಪೇದೆ ಕೈ ಅಡ್ಡ ಹಿಡಿದನು.

"ಮೆರವಣಿಗೆಗೆ ಅನುಮತಿ ತಗೊಂಡಿದೀರಾ ಸರ್?"

"ಇದು ಮೆರವಣಿಗೆ ಅಲ್ಲ, ಕಚೇರಿ," ಎಂದರು ಉಪನಿರ್ದೇಶಕರು.

"ಆಯ್ತು. ಬೇಡಿಕೆ ಏನು?"

ಹಿಂದಿನಿಂದ ಒಂದು ದನಿ ಬಂತು: "ಸ್ವಲ್ಪ ಬೇಗ ನಡೀಬೇಕು ಅನ್ನೋದೇ ಬೇಡಿಕೆ."

ಆ ದನಿ ಯಾರದೆಂದು ಪತ್ತೆಯಾಗಿಲ್ಲ. ಹದಿನಾಲ್ಕು ಮಂದಿಯಿಂದಲೂ 'ನನ್ನದಲ್ಲ' ಎಂಬ ಹೇಳಿಕೆ ಪಡೆಯಲಾಗಿದೆ. ಹೆಬ್ಬೆಟ್ಟಿನ ಯಂತ್ರ ಮಾತ್ರ ದಿನವೂ ಹದಿನೈದು ಹೆಸರುಗಳನ್ನು ಕೆಂಪಾಗಿ ತೋರಿಸಿತು.

9. ಟಪಾಲಕ್ಕ ಸುತ್ತೋಲೆಯನ್ನು ಅಕ್ಷರಶಃ ಪಾಲಿಸಿದರು. ಎರಡನೆಯ ವಾರ ಹಾಡು ಹಾಕುವುದನ್ನೇ ಬಿಟ್ಟರು. ಕಿವಿಯಲ್ಲಿ ಹಾಡು ಇದ್ದೂ ಕಾಲನ್ನು ಹಿಡಿದಿಟ್ಟುಕೊಳ್ಳುವುದು, ಊಟಕ್ಕೆ ಕೂತು ಬಾಯಿ ಹೊಲಿದುಕೊಂಡ ಹಾಗೆ ಎಂದರಂತೆ. ಮನೆಯಲ್ಲಿ ಒಂದು ಸಂಜೆ ಗಡಿಯಾರದವರ ಎದುರು ಕೂತು, "ನಾಳೆಯಿಂದ ಬಸ್ಸಿಗೇ ಹೋಗ್ತೀನಿ," ಎಂದರು.

"ದುಡ್ಡು?"

"ಹೋಗಲಿ ಬಿಡಿ. ಆ ಬೆನ್ನ ಹಿಂದೆ ಕಟ್ಟಿದ ಕೈ ನೋಡಿಕೊಂಡು ನಡೆಯೋದಕ್ಕಿಂತ ಬಸ್ಸಲ್ಲಿ ಯಾರದೋ ಮೊಣಕೈ ತಿನ್ನೋದು ವಾಸಿ."

ಗಡಿಯಾರದವರು ಭೂತಗನ್ನಡಿ ತೆಗೆದು ಹೆಂಡತಿಯ ಮುಖ ನೋಡಿದರು. ಆ ಗಾಜನ್ನು ಅವರು ಮಾತಿಗೆ ತೆಗೆಯುವುದು ಅಪರೂಪ. "ನೀನು ನಡೆಯೋಕೆ ಶುರು ಮಾಡಿದ ಮೇಲೆ ಮನೆಯಲ್ಲಿ ಹಾಡ್ತಿದ್ದೆ. ಈಗ ಎರಡು ವಾರದಿಂದ ಇಲ್ಲ. ಗಡಿಯಾರ ನಿಂತರೆ ನನಗೆ ಗೊತ್ತಾಗದೇ ಇರುತ್ತಾ?"

ಅವರು ಬಸ್ಸಿಗೆ ಹೋಗಲಿಲ್ಲ. ಅದಕ್ಕೆ ಒಂದು ಕಾರಣ ಗಂಡನ ಮಾತು. ಇನ್ನೊಂದು, ಅಂತರ ಇಲಾಖಾ ಕ್ರೀಡಾಕೂಟದ ಐದು ಕಿಲೋಮೀಟರ್ ನಡಿಗೆಗೆ ಈ ಇಲಾಖೆಯಿಂದ ಅವರ ಹೆಸರನ್ನು ಕಳಿಸಲಾಗಿತ್ತು. ಕಳಿಸಿದವರು ಅಧೀಕ್ಷಕರು. ಅರ್ಜಿ ಹಾಕಿದವರು ಬೇರೆ ಯಾರೂ ಇರಲಿಲ್ಲ, ಟಪಾಲಕ್ಕನೂ ಹಾಕಿರಲಿಲ್ಲ.

10. ಕ್ರೀಡೆಯಲ್ಲಿ ಈ ಇಲಾಖೆಯ ಚರಿತ್ರೆ ಚಿಕ್ಕದು. ಹನ್ನೆರಡು ವರ್ಷಗಳಲ್ಲಿ ಬಂದದ್ದು ಒಂದು ಪ್ರಮಾಣಪತ್ರ. ಹಗ್ಗಜಗ್ಗಾಟದಲ್ಲಿ ಸೋಲುವಾಗ ತೋರಿದ ಶಿಸ್ತಿಗಾಗಿ. ಆದ್ದರಿಂದ ಮೈದಾನಕ್ಕೆ ಬಂದಿದ್ದ ಸಿಬ್ಬಂದಿ ಕೈಯಲ್ಲಿ ಚಹಾ ಹಿಡಿದು, ಬೇಗ ಮುಗಿದರೆ ಮನೆಗೆ ಹೋಗಬಹುದೆಂಬ ಒಂದೇ ಆಸೆಯಿಂದ ನಿಂತಿದ್ದರು.

ಮೈದಾನದ ಸುತ್ತ ಹನ್ನೆರಡೂವರೆ ಸುತ್ತು. ಮೊದಲ ಮೂರು ಸುತ್ತಿನಲ್ಲೇ ಟಪಾಲಕ್ಕ ಇಪ್ಪತ್ತು ಜನರನ್ನು ದಾಟಿ ಏಳನೆಯವರಾದರು. ಚಹಾ ಹಿಡಿದವರು ಲೋಟ ಕೆಳಗಿಟ್ಟರು. ನಾಲ್ಕನೇ ಸುತ್ತಿನಲ್ಲಿ ಆರನೆಯವರ ಬೆನ್ನಿಗೆ ಬಂದರು. ಬಂದವರೇ ನಾಲ್ಕು ಹೆಜ್ಜೆ ಹಿಂದೆ ನಿಧಾನಿಸಿದರು. ಐದನೇ ಸುತ್ತೂ ಅಷ್ಟೇ. ಆರು, ಏಳು. ಆರನೆಯವರು ಸ್ವಲ್ಪ ಕುಂಟಿದರೆ ಇವರೂ ಕುಂಟಿದರು. ಅವರು ಬೆವರು ಒರೆಸಿಕೊಳ್ಳಲು ನಿಧಾನಿಸಿದರೆ ಇವರು ಮೈದಾನದ ಬೇಲಿಯ ಜಾಹೀರಾತು ಓದಿದರು.

"ಇದೇನಾಯ್ತು ಇವರಿಗೆ?" ಎಂದು ಉಪನಿರ್ದೇಶಕರು ಕೇಳಿದರು.

ಅಧೀಕ್ಷಕರು ಗಂಟಲು ಸರಿಮಾಡಿಕೊಂಡರು. "ಮುಂದಿರೋರು ಪಕ್ಕದ ಇಲಾಖೆಯ ಜಂಟಿ ನಿರ್ದೇಶಕರು, ಸರ್. ನಮ್ಮ ಸುತ್ತೋಲೆ ಪ್ರಕಾರ..."

"ಇದು ಆಟ ಕಣ್ರೀ."

"ಯಾವುದೇ ಸ್ಥಳ ಅಂತ ಬರೆದಿದೆ ಸರ್. ತಾವೇ ಸೇರಿಸಿದ್ದು."

ಉಪನಿರ್ದೇಶಕರು ಹಗ್ಗದ ಹತ್ತಿರ ಹೋಗಿ, ಟಪಾಲಕ್ಕ ಮುಂದಿನ ಸುತ್ತಿಗೆ ಬರುವವರೆಗೆ ಕಾದು, ದನಿ ಎತ್ತಿ ಹೇಳಿದರು: "ದಾಟಿ, ಟಪಾಲಕ್ಕ. ನಾನು ಹೇಳ್ತಿದೀನಿ, ದಾಟಿ."

"ಮೌಖಿಕ ಆಗಲ್ಲ ಸರ್," ಎಂದು ಟಪಾಲಕ್ಕ ನಡೆಯುತ್ತಲೇ ಉತ್ತರಿಸಿ ಮುಂದೆ ಹೋದರು. "ಲಿಖಿತದಲ್ಲಿ ಬೇಕು."

11. ಆಮೇಲೆ ನಡೆದದ್ದನ್ನು ತೀರ್ಪುಗಾರರ ವರದಿಯಿಂದಲೂ ಹದಿಮೂರು ಮಂದಿ ಸಿಬ್ಬಂದಿಯ ಕಣ್ಣಾರೆ ಕಂಡದ್ದರಿಂದಲೂ ಸಂಗ್ರಹಿಸಲಾಗಿದೆ. ಕಾಗದ ಇರಲಿಲ್ಲ. ಸ್ಪರ್ಧಿಗಳ ಬೆನ್ನಿಗೆ ಅಂಟಿಸಿ ಮಿಕ್ಕಿದ ಸಂಖ್ಯೆಯ ಹಾಳೆಯೊಂದು ಸಿಕ್ಕಿತು. ಅಧೀಕ್ಷಕರು ಪೆನ್ನು ಕೊಟ್ಟರು. ಕೊಟ್ಟು, ಮೂವತ್ತೊಂದು ವರ್ಷಗಳ ಸೇವೆಯ ಅಭ್ಯಾಸಬಲದಿಂದ ಒಂದು ಆಕ್ಷೇಪಣೆಯನ್ನೂ ಎತ್ತಿದರು.

"ಸರ್, ತಾವು ಉಪನಿರ್ದೇಶಕರು. ಅವರು ಜಂಟಿ ನಿರ್ದೇಶಕರು. ತಮಗಿಂತ ಮೇಲಿನವರನ್ನು ದಾಟೋಕೆ ತಾವು ಅನುಮತಿ ಕೊಡಬಹುದಾ?"

"ಕೊಟ್ಟೆ ಅಂತ ಬರೀರಿ. ಆಮೇಲೆ ನೋಡೋಣ."

"ಬರೆಯೋರು ತಾವು ಸರ್."

ಉಪನಿರ್ದೇಶಕರು ಅಧೀಕ್ಷಕರ ಬೆನ್ನನ್ನೇ ಮೇಜು ಮಾಡಿಕೊಂಡು ಅನುಮತಿ ಬರೆದರು. ಬರೆದು, ಹಗ್ಗದ ಕೆಳಗೆ ನುಸುಳಿ ಮೈದಾನದ ಒಳಬದಿಯ ಹುಲ್ಲಿನ ಮೇಲೆ ಓಡಿದರು. ಅವರು ಓಡುವುದನ್ನು ಈ ಇಲಾಖೆ ಅದುವರೆಗೆ ಕಂಡಿರಲಿಲ್ಲ. ಬೆನ್ನ ಹಿಂದಿನ ಕೈ ಒಂದನ್ನು ಬಿಡಿಸಿದ್ದರು, ಇನ್ನೊಂದು ಅಲ್ಲೇ ಇತ್ತು.

ಒಂಬತ್ತನೇ ಸುತ್ತಿನಲ್ಲಿ ಅವರು ಟಪಾಲಕ್ಕನ ಪಕ್ಕಕ್ಕೆ ತಲುಪಿ ಹಾಳೆಯನ್ನು ಚಾಚಿದರು. ಟಪಾಲಕ್ಕ ನಡಿಗೆ ತಪ್ಪಿಸದೆ ಅದನ್ನು ತೆಗೆದುಕೊಂಡು, ಇಪ್ಪತ್ತಮೂರು ವರ್ಷಗಳಿಂದ ಕಾಗದ ನೋಡಿದ ಕಣ್ಣಿನಿಂದ ಮೇಲಿಂದ ಕೆಳಗೆ ನೋಡಿ, ಹಿಂದಕ್ಕೆ ಕೊಟ್ಟರು.

"ದಿನಾಂಕ ಇಲ್ಲ ಸರ್."

ಉಪನಿರ್ದೇಶಕರು ಓಡುತ್ತ ತಮ್ಮ ಅಂಗೈ ಮೇಲೆ ಹಾಳೆ ಇಟ್ಟುಕೊಂಡು ದಿನಾಂಕ ಬರೆದರು. ಪೆನ್ನು ಹಾಳೆಯನ್ನು ತೂತು ಮಾಡಿ ಅಂಗೈಗೂ ಒಂದು ಗೆರೆ ಎಳೆಯಿತು.

"ಹುದ್ದೆ ಕೂಡ ಬರೀಬೇಕಲ್ಲಾ ಸರ್, ಸಹಿಯ ಕೆಳಗೆ."

"ಟಪಾಲಕ್ಕ, ನನ್ನ ಪ್ರಾಣ ಹೋಗ್ತಿದೆ."

"ಹೋಗಲ್ಲ ಸರ್. ಮೊದಲನೇ ವಾರ ನನಗೂ ಹಾಗೇ ಅನ್ನಿಸಿತ್ತು."

ಹುದ್ದೆ ಬರೆಯಲಾಯಿತು. ಟಪಾಲಕ್ಕ ಹಾಳೆಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಜಂಟಿ ನಿರ್ದೇಶಕರನ್ನು ದಾಟಿದರು. ದಾಟುವಾಗ ಜಂಟಿ ನಿರ್ದೇಶಕರು ಹೇಳಿದ ಮಾತು ದಾಖಲೆಯಲ್ಲಿದೆ: "ಅಬ್ಬ, ಹೋಗಿ ತಾಯಿ. ಐದು ಸುತ್ತಿನಿಂದ ಯಾರೋ ಹಿಂದೆ ಬಿದ್ದಿದಾರೆ ಅಂತ ಎದೆ ಹೊಡ್ಕೊಳ್ತಿತ್ತು. ಲೆಕ್ಕಪರಿಶೋಧನೆಯವರೇನೋ ಅಂದ್ಕೊಂಡೆ."

ಉಳಿದ ಸುತ್ತುಗಳಲ್ಲಿ ಟಪಾಲಕ್ಕ ಇನ್ನೂ ನಾಲ್ವರನ್ನು ದಾಟಿದರು. ಕಿವಿಯಲ್ಲಿ ಹಾಡು ಇರಲಿಲ್ಲ. ಬಾಯಲ್ಲಿತ್ತು. ಹಗ್ಗದ ಹತ್ತಿರ ನಿಂತಿದ್ದವರಿಗೆ ಅದು ಪ್ರತಿ ಸುತ್ತಿಗೊಮ್ಮೆ ಒಂದೊಂದು ಸಾಲಿನಂತೆ ಕೇಳಿಸಿತು. ಮೊದಲನೆಯವರು ಆರು ಹೆಜ್ಜೆ ಮುಂದಿದ್ದು ಗೆದ್ದರು. ಟಪಾಲಕ್ಕ ಎರಡನೆಯವರಾದರು. ತೀರ್ಪುಗಾರರು ತಮ್ಮ ವರದಿಯಲ್ಲಿ 'ಹೆಸರು ನೋಂದಾಯಿಸದ ಒಬ್ಬ ಹಿರಿಯ ವ್ಯಕ್ತಿ ಒಂದೂಕಾಲು ಸುತ್ತು ಓಡಿರುತ್ತಾರೆ, ಕಾರಣ ತಿಳಿಯಲಿಲ್ಲ' ಎಂದು ಷರಾ ಬರೆದಿದ್ದಾರೆ.

12. ಸ್ಪರ್ಧೆಯ ನಂತರ ಉಪನಿರ್ದೇಶಕರು ಹುಲ್ಲಿನ ಮೇಲೆ ಅಂಗಾತ ಮಲಗಿದ್ದರು. ಟಪಾಲಕ್ಕ ನೀರಿನ ಬಾಟಲಿ ತಂದು ಪಕ್ಕದಲ್ಲಿ ಕೂತರು. ಅಧೀಕ್ಷಕರು ನಾಲ್ಕು ಹೆಜ್ಜೆ ದೂರದಲ್ಲಿದ್ದುದರಿಂದ ಈ ಮಾತುಗಳು ಲಭ್ಯವಾಗಿವೆ.

"ಡಾಕ್ಟರು ಏನೂ ಹೇಳಿಲ್ಲ, ಟಪಾಲಕ್ಕ," ಎಂದರು ಉಪನಿರ್ದೇಶಕರು, ಆಕಾಶ ನೋಡುತ್ತ. "ಮನೆಯಲ್ಲಿ ಇರೋದು ಒಂದು ಕಾರು. ನನ್ನ ಹೆಂಡತಿ ಸಂಗೀತ ಹೇಳಿಕೊಡೋಕೆ ಊರ ಆ ತುದಿಗೆ ಹೋಗಬೇಕು. ಇಬ್ಬರಿಗಾಗುವಷ್ಟು ಪೆಟ್ರೋಲು ಹಾಕಿಸೋಕೆ ಆಗಲ್ಲ. ಅವಳೇ ಓಡಿಸ್ಲಿ ಅಂದೆ. ಬಸ್ ನಿಲ್ದಾಣದಲ್ಲಿ ನಿಮ್ಮೆಲ್ಲರ ಜೊತೆ ನಿಲ್ಲೋಕೆ ಒಂಥರಾ ಆಯ್ತು."

"ನಮಗೂ ಒಂಥರಾ ಆಗ್ತಿತ್ತು ಸರ್. ಸೀಟು ಬಿಡಬೇಕಾಗ್ತಿತ್ತಲ್ಲ."

ಅವರು ನಕ್ಕರು. ನಗು ನಿಂತ ಮೇಲೆ ಟಪಾಲಕ್ಕ ಹೇಳಿದರು: "ಒಂದು ಮಾತು ಹೇಳಲಾ? ನೀವು ಕೈ ಹಿಂದೆ ಕಟ್ಟಿಕೊಂಡು ನಡೀತೀರಿ. ಕೈ ಬೀಸದೇ ಇದ್ರೆ ಕಾಲಿಗೆ ಧೈರ್ಯ ಬರಲ್ಲ. ಇವತ್ತು ಒಂದು ಕೈ ಬಿಟ್ಟಿದ್ರಿ ನೋಡಿ, ಎಷ್ಟು ಚೆನ್ನಾಗಿ ಓಡಿದ್ರಿ."

"ಕೈ ಬೀಸಿಕೊಂಡು ಬಂದ್ರೆ ಅಧಿಕಾರಿ ಅಂತ ಯಾರಿಗೆ ಗೊತ್ತಾಗುತ್ತೆ?"

"ಗೊತ್ತಾಗದಿದ್ರೆ ಬೇಗ ತಲುಪ್ತೀರಿ ಸರ್."

ಮುಂದಿನ ಸೋಮವಾರ ಉಪನಿರ್ದೇಶಕರು ಎರಡೂ ಕೈ ಬೀಸುತ್ತ ಬಂದರು. ಒಂಬತ್ತು ನಲವತ್ತನಾಲ್ಕಕ್ಕೆ ಯಂತ್ರ ಹಸಿರು ತೋರಿಸಿತು. ಅವರು ಹೆಬ್ಬೆಟ್ಟನ್ನು ಇನ್ನೊಮ್ಮೆ ಇಟ್ಟು ನೋಡಿದರು. ಬಡ್ತಿಯ ಕಡತಕ್ಕೆ ಅಂದೇ ಸಹಿ ಬಿತ್ತು.

ಸೂಚನೆಗಳು

ಮೇಲ್ಕಂಡ ಕಾರಣಗಳಿಂದಾಗಿ ಸುತ್ತೋಲೆ 01ನ್ನು ರದ್ದುಪಡಿಸಿ, ಎಲ್ಲ ಸಿಬ್ಬಂದಿಗೂ ಈ ಮೂಲಕ ಸೂಚಿಸುವುದೇನೆಂದರೆ:

(ಅ) ಯಾರು ಯಾರನ್ನು ಬೇಕಾದರೂ ದಾಟಬಹುದು. ದಾಟುವಾಗ ನಮಸ್ಕಾರ ಕೇಳಿಸುವಂತೆ ಹೇಳತಕ್ಕದ್ದು. ದಾಟಿಸಿಕೊಂಡವರು ಪ್ರತಿನಮಸ್ಕಾರ ಹೇಳತಕ್ಕದ್ದು. ಉಸಿರು ಸಾಲದಿದ್ದಲ್ಲಿ ತಲೆಯಾಡಿಸಿದರೆ ಸಾಕು.

(ಆ) ದಾಟಿದ ಮೇಲೆ ತಿರುಗಿ ನೋಡುವುದನ್ನು ಒಂದು ಸಲಕ್ಕೆ ಮಿತಿಗೊಳಿಸಲಾಗಿದೆ. ತಿರುಗಿ ನೋಡಿ ನಗುವುದಿದ್ದಲ್ಲಿ ಮುಂದಕ್ಕೆ ತಿರುಗಿದ ಮೇಲೆ ನಗತಕ್ಕದ್ದು.

(ಇ) ಹಾಡುಗಳ ವೇಗದ ಮೇಲಿನ ನಿರ್ಬಂಧವನ್ನು ತೆಗೆಯಲಾಗಿದೆ. ಆದರೆ ಲಾಲಿಹಾಡು ಕೇಳುತ್ತ ಒಂಬತ್ತು ನಲವತ್ತೈದರ ನಂತರ ಬಂದವರು ಹಾಡಿನ ಮೇಲೆ ದೂರು ಹೇಳತಕ್ಕದ್ದಲ್ಲ.

(ಈ) ಹೆಜ್ಜೆ ಎಣಿಸುವ ಫೋನನ್ನು ಕುರ್ಚಿಯಲ್ಲಿ ಕೂತು ಕೈಯಿಂದ ಅಲ್ಲಾಡಿಸಿ ಸಂಖ್ಯೆ ಏರಿಸುತ್ತಿರುವುದು ಅಂಕಿಅಂಶ ವಿಭಾಗದಲ್ಲಿ ಕಂಡುಬಂದಿದೆ. ಹಾಗೆ ಗಳಿಸಿದ ಹೆಜ್ಜೆಗಳನ್ನು ಸಂಜೆಯೊಳಗೆ ಕಾಲಿನಿಂದ ಭರ್ತಿ ಮಾಡತಕ್ಕದ್ದು.

(ಉ) ಅಧಿಕಾರಿಗಳು ಚರಂಡಿಯ ಮುಚ್ಚಳಗಳನ್ನು ತಪಾಸಣೆ ಮಾಡಬಯಸಿದಲ್ಲಿ ಮೊದಲು ಆ ಕೆಲಸದ ಇಲಾಖೆಗೆ ವರ್ಗಾವಣೆ ಕೋರತಕ್ಕದ್ದು.

(ಊ) ಟಪಾಲಕ್ಕನವರು ಬಡ್ತಿ ಹೊಂದಿ ಶಾಖಾ ಕಚೇರಿಗೆ ನಿಯುಕ್ತಿಗೊಂಡಿದ್ದು, ಕಳೆದ ಸೋಮವಾರ ಅಧಿಕಾರ ವಹಿಸಿಕೊಂಡಿದ್ದಾರೆ. ಸದರಿ ಶಾಖಾ ಕಚೇರಿಯು ಅವರ ಮನೆಯ ಎದುರಿಗೇ ಇದ್ದು, ಬಾಗಿಲಿನಿಂದ ಬಾಗಿಲಿಗೆ ಅರವತ್ತೆರಡು ಹೆಜ್ಜೆಯಾಗಿರುತ್ತದೆ. ಪ್ರಯಾಣದ ವೆಚ್ಚ ಸಂಪೂರ್ಣ ಉಳಿತಾಯವಾದ ಬಗ್ಗೆ ಅವರನ್ನು ಅಭಿನಂದಿಸಲಾಯಿತು. ಅವರು ಅಭಿನಂದನೆಯನ್ನು ಸ್ವೀಕರಿಸಿ, ಆದೇಶವನ್ನು ಎರಡು ಸಲ ಓದಿ, ಮಡಚಿ ಇಟ್ಟುಕೊಂಡು ಹೋದರು. ಮಂಗಳವಾರದಿಂದ ಅವರು ದಿನವೂ ಬೆಳಗ್ಗೆ ಎಂಟೂಕಾಲಕ್ಕೆ ಮನೆ ಬಿಟ್ಟು, ಸೇತುವೆ ಹತ್ತಿ ಇಳಿದು ಈ ಕಚೇರಿಯ ಗೇಟಿನವರೆಗೆ ಬಂದು, ಗೇಟನ್ನು ಕೈಯಿಂದ ಮುಟ್ಟಿ, ಬಂದ ದಾರಿಯಲ್ಲೇ ಹಿಂದಿರುಗುತ್ತಿರುವುದು ಗಮನಕ್ಕೆ ಬಂದಿದೆ. ಅವರನ್ನು ತಡೆಯತಕ್ಕದ್ದಲ್ಲ. ಸಂದರ್ಶಕರ ಪುಸ್ತಕದಲ್ಲಿ 'ಯಾರನ್ನು ಕಾಣಲು' ಎಂಬಲ್ಲಿ ಅಡ್ಡಗೆರೆ ಎಳೆದು, 'ಬಂದ ಉದ್ದೇಶ' ಎಂಬಲ್ಲಿ 'ಬರುವುದು' ಎಂದು ಬರೆದುಕೊಳ್ಳತಕ್ಕದ್ದು.

(ಸಹಿ)
ಅಧೀಕ್ಷಕರು
ಉಪನಿರ್ದೇಶಕರ ಪರವಾಗಿ
(ಉಪನಿರ್ದೇಶಕರು ಮೆಟ್ಟಿಲಿನಲ್ಲಿದ್ದಾರೆ. ಲಿಫ್ಟು ಸರಿಯಾಗಿಯೇ ಇದೆ.)

ಪ್ರತಿಗಳು:
1. ಎಲ್ಲ ವಿಭಾಗಗಳ ಸೂಚನಾ ಫಲಕಗಳಿಗೆ.
2. ಪಕ್ಕದ ಇಲಾಖೆಯ ಜಂಟಿ ನಿರ್ದೇಶಕರಿಗೆ, ವಿಷಾದಪೂರ್ವಕವಾಗಿ.
3. ವೃತ್ತದ ಸಂಚಾರ ಪೇದೆಯವರಿಗೆ, ಬೇಡಿಕೆ ಈಡೇರಿದೆ ಎಂಬ ಮಾಹಿತಿಯೊಂದಿಗೆ.
4. ಕೀಲಿ ಮಾಡುವವರಿಗೆ. ಪರವಾನಗಿ ಸರಿಯಾಗಿದೆ, ಗಾಬರಿ ಬೇಡ.
5. ಹೊಸ ಟಪಾಲು ಗುಮಾಸ್ತರಿಗೆ, ಈ ಪ್ರತಿಗಳನ್ನು ರವಾನಿಸುವ ಸಲುವಾಗಿ.
6. ಶಾಖಾ ಕಚೇರಿಯ ಮುಖ್ಯಸ್ಥರಿಗೆ. ತಮ್ಮ ಪ್ರಥಮ ದರ್ಜೆ ಗುಮಾಸ್ತೆಯವರು ಎದುರು ಮನೆಯವರಾಗಿದ್ದೂ ಬೆವರಿಕೊಂಡು, ಹಾಡಿಕೊಂಡು ಕಚೇರಿಗೆ ಬಂದಲ್ಲಿ ಕಾರಣ ಕೇಳತಕ್ಕದ್ದಲ್ಲ.